ಕಡಲು ಕಾಣುವ ಮನೆ, ಮಳೆ ಕಾಣದ ನಕ್ಷೆ

ಊರಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮವರ ಮೇಲೆ ನನಗೊಂದು ತಕರಾರಿದೆ. ನಮ್ಮವರು ಎಂದರೆ ಮುಂಬೈ, ಪುಣೆ, ಹೈದರಾಬಾದ್, ದೆಹಲಿಗಳಲ್ಲಿ ಇಪ್ಪತ್ತು ವರ್ಷ ದುಡಿದು, ಫ್ಲ್ಯಾಟಿನ ಇಎಂಐ ಮುಗಿಸಿ, ಈಗ ಕರಾವಳಿಯ ಯಾವುದೋ ಗುಡ್ಡದ ಮೇಲೆ ಅರ್ಧ ಎಕರೆ ಹಿಡಿದುಕೊಂಡು ‘ಸೀ ವ್ಯೂ’ ಮನೆಯ ನಕ್ಷೆಯನ್ನು ವಾಟ್ಸಾಪ್ ಗುಂಪುಗಳಲ್ಲಿ ತಿರುಗಿಸುತ್ತಿರುವವರು. ನಾನೂ ಈ ಗುಂಪಿಗೆ ಸೇರಿದವನೇ. ಆದ್ದರಿಂದ ಹೊರಗೆ ನಿಂತು ಕಲ್ಲೆಸೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ.

ತಕರಾರು ಇಷ್ಟೇ. ನಾವು ಡಿಸೆಂಬರ್ ತಿಂಗಳ ಫೋಟೋ ನೋಡಿ ಮನೆ ಕಟ್ಟಿಸುತ್ತಿದ್ದೇವೆ. ಆ ಮನೆ ನಿಲ್ಲಬೇಕಾದದ್ದು, ಅದರೊಳಗೆ ಯಾರಾದರೂ ಬದುಕಬೇಕಾದದ್ದು ಜುಲೈ ತಿಂಗಳಲ್ಲಿ. ನಮ್ಮ ಕಸುಬಿನ ಮಾತಲ್ಲಿ ಹೇಳುವುದಾದರೆ ಡೆಮೊ ಡಿಸೆಂಬರಿನಲ್ಲಿ, ಪ್ರೊಡಕ್ಷನ್ ಜುಲೈನಲ್ಲಿ. ಆಫೀಸಿನಲ್ಲಿ ಇಂಥ ಪ್ರಾಜೆಕ್ಟನ್ನು ಯಾರಾದರೂ ತಂದಿಟ್ಟರೆ ಹತ್ತು ನಿಮಿಷದಲ್ಲಿ ತಿಪ್ಪೆಗೆಸೆಯುವ ನಾವು, ನಮ್ಮದೇ ದುಡ್ಡಿನ, ನಮ್ಮದೇ ಅಪ್ಪ ಅಮ್ಮ ಇರಬೇಕಾದ ಮನೆಯ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ.

ಕಾರವಾರದಿಂದ ತಲಪಾಡಿಯವರೆಗೆ ಹೆದ್ದಾರಿಯಲ್ಲಿ ಹೋಗುವಾಗ ಪಶ್ಚಿಮದ ಗುಡ್ಡಗಳ ಕಡೆ ಒಮ್ಮೆ ನೋಡಿ. ನೆತ್ತಿಯ ಮೇಲೊಂದು ಬಿಳಿ ಡಬ್ಬಿ. ಚಪ್ಪಟೆ ಸ್ಲ್ಯಾಬು. ಕಡಲಿನ ಕಡೆ ನೆಲದಿಂದ ಚಾವಣಿಯವರೆಗೆ ಗಾಜು. ಗಾಜಿನ ಮುಂದೆ ಸ್ಟೀಲ್ ಕಂಬಿಯ ಬಾಲ್ಕನಿ. ಅದು ಹೊಸ ಮನೆಯಾದರೆ ಇಷ್ಟೇ. ಐದು ವರ್ಷ ಹಳೆಯದಾದರೆ ಇನ್ನೂ ಮೂರು ಸಂಗತಿ ಸೇರಿರುತ್ತವೆ: ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬ ನೆಟ್ಟು ಹೊದಿಸಿದ ನೀಲಿ ಅಥವಾ ಕೆಂಪು ತಗಡು, ಗಾಜಿನ ಮೇಲೆ ಕಟ್ಟಿದ ಪ್ಲಾಸ್ಟಿಕ್ ತಾಡಪಾಲು, ಕಂಬಿಯ ಬುಡದಲ್ಲಿ ಗೋಡೆಯುದ್ದಕ್ಕೆ ಇಳಿದ ತುಕ್ಕಿನ ಗೀಟು. ಕಡಲು ನೋಡಲೆಂದು ಲಕ್ಷಗಟ್ಟಲೆ ಕೊಟ್ಟು ಹಾಕಿಸಿದ ಗಾಜಿಗೆ ವರ್ಷದ ನಾಲ್ಕು ತಿಂಗಳು ತಾಡಪಾಲಿನ ಪರದೆ. ಇದಕ್ಕಿಂತ ದೊಡ್ಡ ಕೋಡ್ ರಿವ್ಯೂ ಕಾಮೆಂಟ್ ಬೇಕೆ?

ತಗಡಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಕರಾವಳಿಯ ತಾಲ್ಲೂಕುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಪುಣೆ ಪೇಟೆಯಲ್ಲಿ ಬೀಳುವುದು 700ರ ಆಸುಪಾಸು. ಅಂದರೆ 100 ಚದರ ಮೀಟರಿನ ಒಂದು ಚಾವಣಿ ಊರಿನಲ್ಲಿ ಪ್ರತಿ ವರ್ಷ ಹೊರಬೇಕಾದ ನೀರು 3 ಲಕ್ಷ ಲೀಟರ್. ಈ ನೀರನ್ನು ಹೊರುವ ಎರಡು ದಾರಿಗಳಿವೆ. ಬಿದ್ದ ಕೂಡಲೇ ಇಳಿಜಾರಿನಲ್ಲಿ ಜಾರಿಸಿ ಗೋಡೆಯಿಂದ ಎರಡು ಮೂರು ಅಡಿ ದೂರ ಚೆಲ್ಲುವುದು ಒಂದು. ಮೇಲೆಯೇ ನಿಲ್ಲಿಸಿಕೊಂಡು, ನಾಲ್ಕು ಇಂಚಿನ ಎರಡು ಪೈಪುಗಳಿಗೆ ಎಲೆ ಕಟ್ಟಿಕೊಳ್ಳದಿರಲಿ ಎಂದು ದೇವರಿಗೆ ಹೇಳಿಕೊಳ್ಳುವುದು ಇನ್ನೊಂದು. ನಾವು ಎರಡನೆಯದನ್ನು ಆಯ್ದುಕೊಳ್ಳುತ್ತೇವೆ. ಮೂರನೇ ಮಳೆಗಾಲದಲ್ಲಿ ಸೋರುತ್ತದೆ. ವಾಟರ್‌ಪ್ರೂಫಿಂಗ್ ಮಾಡಿಸುತ್ತೇವೆ. ಐದನೇ ಮಳೆಗಾಲದಲ್ಲಿ ಮತ್ತೆ ಸೋರುತ್ತದೆ. ಆಗ ತಗಡು. ಮೊದಲೇ ಇಳಿಜಾರು ಮಾಡು ಮಾಡಿದ್ದರೆ ಒಂದು ಚಾವಣಿಯ ಖರ್ಚು. ಈಗ ಎರಡು ಚಾವಣಿಯ ಖರ್ಚು, ಜೊತೆಗೆ ಎರಡರಲ್ಲೂ ಕುರೂಪದ್ದು ಮೇಲಿರುವ ಸೌಭಾಗ್ಯ.

ಇನ್ನು ಗಾಳಿ. ನನ್ನ ಎಂಟೆಕ್ ಸಿವಿಲ್‌ನಲ್ಲಿ, ಹೊಟ್ಟೆಪಾಡು ಸಾಫ್ಟ್‌ವೇರಿನಲ್ಲಿ. ಓದಿದ್ದು ಮರೆತುಹೋಗಿಲ್ಲ, ಆದ್ದರಿಂದ ಸ್ವಲ್ಪ ಲೆಕ್ಕ ಕೊಡುತ್ತೇನೆ. ಗಾಳಿಯ ಹೊರೆಗೆ ನಮ್ಮ ದೇಶದಲ್ಲಿ ಐಎಸ್ 875ರ ಮೂರನೇ ಭಾಗ ಎಂಬ ಸಂಹಿತೆ ಇದೆ. ಮಂಗಳೂರಿಗೆ ಅದು ಕೊಡುವ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಎಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಇದು ದಿನನಿತ್ಯದ ಗಾಳಿಯಲ್ಲ, ಮನೆಯ ಆಯುಷ್ಯದಲ್ಲಿ ಎಂದಾದರೂ ಬರಬಹುದಾದ ಬೀಸು. ಬಂದಾಗ ಮನೆ ನಿಂತಿರಬೇಕು. ಆ ವೇಗದಲ್ಲಿ ಗಾಳಿ ಒಂದು ಚದರ ಮೀಟರಿನ ಮೇಲೆ ಹಾಕುವ ಒತ್ತಡ ಸರಳ ಲೆಕ್ಕದಲ್ಲಿ 90 ಕಿಲೋ ತೂಕದಷ್ಟು. ಇದು ಸಮತಟ್ಟು ನೆಲದ ಮಾತು. ಗುಡ್ಡದ ನೆತ್ತಿಯಲ್ಲಿ ಗಾಳಿ ಹಿಂಡಿಕೊಂಡು ಮೇಲೇರುವುದರಿಂದ ವೇಗ ಹೆಚ್ಚುತ್ತದೆ. ಅದಕ್ಕೆ ಸಂಹಿತೆ 1.36ರವರೆಗೆ ಗುಣಕ ಕೊಡುತ್ತದೆ. ಒತ್ತಡ ವೇಗದ ವರ್ಗಕ್ಕೆ ಏರುವುದರಿಂದ 1.36 ಎಂಬುದು ಒತ್ತಡದಲ್ಲಿ 1.85 ಆಗುತ್ತದೆ. 90 ಕಿಲೋ ಇದ್ದದ್ದು 170 ಕಿಲೋ. ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ನಿಮ್ಮ ‘ಪಿಕ್ಚರ್ ವಿಂಡೋ’ ಮೇಲೆ ಒಂದೂಕಾಲು ಟನ್. ಗಾಜಿನವನು ಕೊಟೇಶನ್ ಕೊಡುವಾಗ ಈ ಅಂಕಿ ಕೇಳಿದನೇ? ಆರ್ಕಿಟೆಕ್ಟ್ ಹೇಳಿದರೇ? ನೀವಾದರೂ ಕೇಳಿದಿರಾ?

ಅಷ್ಟು ದೊಡ್ಡ ಬೀಸು ಬರುವುದು ಅಪರೂಪ ಎನ್ನುವಿರಿ. ಸರಿ, ಅಪರೂಪವಲ್ಲದ್ದನ್ನೇ ನೋಡೋಣ. ಮುಂಗಾರಿನಲ್ಲಿ ಗಂಟೆಗೆ 70 ಕಿಲೋಮೀಟರಿನ ಬೀಸು ಬಯಲಿಗೆ ತೆರೆದುಕೊಂಡ ಗುಡ್ಡದ ಮೇಲೆ ಯಾವ ವಿಶೇಷವೂ ಅಲ್ಲ. ಆ ವೇಗದ ಗಾಳಿಯ ಒತ್ತಡ ಸುಮಾರು 24 ಮಿಲಿಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲದು. ಸ್ಲೈಡಿಂಗ್ ಕಿಟಕಿಯ ಕೆಳಗಿನ ಹಳಿಯಲ್ಲಿ ನಿಂತ ನೀರು ಸಣ್ಣ ತೂತಿನಿಂದ ಹೊರಗೆ ಹೋಗಬೇಕು. ಹೊರಗಿನಿಂದ ಗಾಳಿ ಅದೇ ತೂತಿಗೆ ಬಾಯಿಟ್ಟು ಊದುತ್ತಿರುತ್ತದೆ. ನೀರು ಒಳಗೆ ಉಕ್ಕುತ್ತದೆ. ಇದು ಕಿಟಕಿ ಮಾಡಿದವನ ಕಳ್ಳತನವಲ್ಲ, ಭೌತಶಾಸ್ತ್ರ. ಗೋಡೆಗೆ ಮಳೆ ಮೇಲಿನಿಂದ ಬೀಳುತ್ತದೆ ಎಂದುಕೊಂಡು ಮಾಡಿದ ಕಿಟಕಿ ಅದು. ನಮ್ಮೂರಲ್ಲಿ ಮಳೆ ಪಕ್ಕದಿಂದ ಬರುತ್ತದೆ. ಪಶ್ಚಿಮ ಮತ್ತು ನೈಋತ್ಯದಿಂದ, ಅಂದರೆ ಕಡಲು ಯಾವ ಕಡೆ ಕಾಣುತ್ತದೆಯೋ ಸರಿಯಾಗಿ ಅದೇ ಕಡೆಯಿಂದ.

ಸಮಸ್ಯೆಯ ತಿರುಳು ಇದೇ. ನಮ್ಮ ಕರಾವಳಿಯಲ್ಲಿ ನೋಟ, ಗಾಳಿ, ಮಳೆ, ಉಪ್ಪು, ಸಂಜೆಯ ಬಿಸಿಲು ಎಲ್ಲವೂ ಒಂದೇ ದಿಕ್ಕಿನಲ್ಲಿವೆ. ನೋಟಕ್ಕೆ ಬಾಗಿಲು ತೆರೆದರೆ ಉಳಿದ ನಾಲ್ಕು ಮಂದಿ ಕರೆಯದೆಯೇ ಒಳಗೆ ಬರುತ್ತಾರೆ. ಸಂಜೆಯ ಬಿಸಿಲಂತೂ ಯಾವ ಸಜ್ಜೆಗೂ ಸಗ್ಗುವುದಿಲ್ಲ. ಮಧ್ಯಾಹ್ನದ ಸೂರ್ಯನನ್ನು ಎರಡು ಅಡಿ ಸಜ್ಜೆ ತಡೆಯುತ್ತದೆ. ನಾಲ್ಕು ಗಂಟೆಯ ನಂತರ ಕಡಲಿನ ಮೇಲೆ ಇಳಿದ ಸೂರ್ಯ ಸಜ್ಜೆಯ ಕೆಳಗಿನಿಂದ ನೇರ ಸೋಫಾದ ಮೇಲೆ ಕೂರುತ್ತಾನೆ. ಸಾಧಾರಣ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಶೇಕಡಾ 80ರಷ್ಟನ್ನು ಒಳಗೆ ಬಿಡುತ್ತದೆ. ಆದ್ದರಿಂದ ಏಪ್ರಿಲ್‌ನಲ್ಲಿ ಪರದೆ ಎಳೆದು ಎಸಿ ಹಾಕುತ್ತೇವೆ. ಜುಲೈನಲ್ಲಿ ತಾಡಪಾಲು, ಏಪ್ರಿಲ್‌ನಲ್ಲಿ ಪರದೆ. ರಾತ್ರಿ ದೀಪ ಹಾಕಿದರೆ ಗಾಜು ಕಪ್ಪು ಕನ್ನಡಿ, ಕಾಣುವುದು ನಮ್ಮದೇ ಮುಖ. ಹಾಗಾದರೆ ಈ ನೋಟವನ್ನು ನಾವು ವರ್ಷಕ್ಕೆ ಎಷ್ಟು ಗಂಟೆ ನೋಡುತ್ತೇವೆ? ಲೆಕ್ಕ ನೀವೇ ಹಾಕಿ.

ಉಪ್ಪಿನ ವಿಷಯ ಇನ್ನೂ ನಿಧಾನದ್ದು, ಇನ್ನೂ ಕೆಟ್ಟದ್ದು. ಕಾಂಕ್ರೀಟಿನ ಒಳಗಿನ ಕಬ್ಬಿಣಕ್ಕೆ ಉಪ್ಪುಗಾಳಿಯ ಕ್ಲೋರೈಡ್ ತಲುಪಿದರೆ ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಇದಕ್ಕಾಗಿಯೇ 2000ದ ಐಎಸ್ 456 ಕಡಲ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟನ್ನು ‘ತೀವ್ರ’ ವರ್ಗಕ್ಕೆ ಹಾಕಿ, ಕನಿಷ್ಠ ಎಂ 30 ದರ್ಜೆ, ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಕೇಳುತ್ತದೆ. ಊರಿನ ಕೆಲಸದಲ್ಲಿ ಸಾಮಾನ್ಯವಾಗಿ ನಡೆಯುವುದು ಎಂ 20, ಮತ್ತು ಕೈಗೆ ಸಿಕ್ಕಿದ ಜಲ್ಲಿಚೂರನ್ನು ಸರಳಿನ ಅಡಿಗಿಟ್ಟು ಎತ್ತಿದಷ್ಟು ಹೊದಿಕೆ. ಮೇಸ್ತ್ರಿಯನ್ನು ಬೈಯಬೇಡಿ. ಕರಾರಿನಲ್ಲಿ ಬರೆಯದಿದ್ದದ್ದನ್ನು ಯಾವ ವೆಂಡರ್ ಮಾಡಿಕೊಟ್ಟಿದ್ದಾನೆ? ಇಟಾಲಿಯನ್ ಮಾರ್ಬಲ್ಲಿನ ಬಣ್ಣಕ್ಕೆ ಮೂರು ವಾರ ಚರ್ಚೆ ನಡೆಸುವ ನಾವು ಹೊದಿಕೆಯ ದಪ್ಪವನ್ನು ಕರಾರಿನ ಒಂದು ಸಾಲಾಗಿಯೂ ಬರೆಸುವುದಿಲ್ಲ.

ನಮ್ಮದೇ ಮನೆಯ ಉದಾಹರಣೆ ಇಲ್ಲಿ ಕೊಡಲೇಬೇಕು, ಏಕೆಂದರೆ ಈ ಜಗಳ ಈಗಲೂ ನಡೆಯುತ್ತಿದೆ. ಕುಮಟಾ ಕಡೆಯ ಒಂದು ಗುಡ್ಡದ ಇಳುಕಲಿನಲ್ಲಿ ನಮ್ಮ ಜಾಗ. ಕೆಳಗೆ ಗದ್ದೆ, ತೆಂಗಿನ ಸಾಲು, ಆಚೆ ಕಡಲು. ಅಣ್ಣ ಹೈದರಾಬಾದಿನಲ್ಲಿ, ತಂಗಿ ಮುಂಬೈಯಲ್ಲಿ, ನಾನು ಪುಣೆಯಲ್ಲಿ. ಕೆಳಗಿನ ಹಂಚಿನ ಮನೆಯಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬಳೇ. ಮೂವರೂ ಸೇರಿ ಮೇಲೆ ಒಂದು ಮನೆ ಕಟ್ಟುವುದು, ಅಮ್ಮನನ್ನು ಅಲ್ಲಿಗೆ ಕರೆತರುವುದು, ಮುಂದೆ ನಮ್ಮಲ್ಲಿ ಯಾರಾದರೂ ಅಲ್ಲೇ ನೆಲೆಸುವುದು ಎಂದು ಮಾತಾಯಿತು. ನಗರದ ಒಂದು ವಿನ್ಯಾಸ ಕಚೇರಿಗೆ ಕೆಲಸ ಒಪ್ಪಿಸಿದೆವು. ಅವರು ಜನವರಿಯಲ್ಲಿ ಅರ್ಧ ದಿನ ಬಂದು ಡ್ರೋನ್ ಹಾರಿಸಿ ಹೋದರು. ಬಂದ ನಕ್ಷೆಯಲ್ಲಿ ಹನ್ನೊಂದು ಚಿತ್ರಗಳಿದ್ದವು. ಹನ್ನೊಂದರಲ್ಲೂ ಆಕಾಶ ನೀಲಿ. ಒಂದರಲ್ಲೂ ಒಗೆದ ಬಟ್ಟೆ ಒಣಗಿಸುವ ಜಾಗವಿಲ್ಲ, ಕಟ್ಟಿಗೆಗೋ ತೆಂಗಿನಕಾಯಿಗೋ ಕೊಟ್ಟಿಗೆಯಿಲ್ಲ, ಒದ್ದೆ ಕೊಡೆ ಇಡುವ ಮೂಲೆಯಿಲ್ಲ. ಅಮ್ಮನ ಕೋಣೆ ಮೆಟ್ಟಿಲಿಳಿದು ಹೋಗುವ ಕೆಳ ಅಂತಸ್ತಿನಲ್ಲಿ, ಗುಡ್ಡ ಕಡಿದ ಗೋಡೆಗೆ ಬೆನ್ನು ಕೊಟ್ಟು. ಏಕೆಂದರೆ ಮೇಲಂತಸ್ತಿನಲ್ಲಿ ‘ವ್ಯೂ’ ಇದೆ, ಅದು ಬಂದವರಿಗೆ ಬೇಕು.

ಅಮ್ಮ ಆ ಚಿತ್ರಗಳನ್ನು ಟ್ಯಾಬಿನಲ್ಲಿ ಒಂದೊಂದಾಗಿ ನೋಡಿದಳು. ಕೊನೆಗೆ ಕೇಳಿದ್ದು ಇಷ್ಟು: “ಸಮುದ್ರ ನೋಡೂಕೆ ಮನೆ ಎಂತಕ್ಕೆ? ಹೊರಗೆ ಬಂದು ನಿಂತ್ರೆ ಕಾಣ್ತದಲ್ಲ. ಮನೆ ಬೇಕಾದ್ದು ಮಳೆಗಾಲಕ್ಕೆ.”

ಅಣ್ಣ ಇದನ್ನು ಮುದುಕಿಯ ಮಾತು ಎಂದು ನಕ್ಕ. ನನಗೆ ಅದು ನಾವು ಎರಡು ವರ್ಷದಲ್ಲಿ ಬರೆಯಲಾಗದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಎನಿಸಿತು. ಆ ನಕ್ಷೆಗೆ ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಅಣ್ಣನ ಜೊತೆ ಮಾತು ಸದ್ಯಕ್ಕೆ ಸ್ವಲ್ಪ ಕಮ್ಮಿಯಾಗಿದೆ.

ಈಗ ಎದುರುವಾದಗಳಿಗೆ ಬರುತ್ತೇನೆ. ಅವುಗಳಲ್ಲಿ ಕೆಲವಕ್ಕೆ ತೂಕವಿದೆ.

ಮೊದಲನೆಯದು: ‘ನಮ್ಮ ದುಡ್ಡು, ನಮ್ಮ ಜಾಗ, ನಿಮಗೇನು?’ ಗುಡ್ಡದ ಮೇಲಿನ ಜಾಗ ಎಂದೂ ಪೂರ್ತಿ ನಮ್ಮದಲ್ಲ. ಕರಾವಳಿಯ ಮುರಕಲ್ಲಿನ ಗುಡ್ಡಗಳು ಸ್ಪಂಜಿನ ಹಾಗೆ. ಮೇಲೆ ಬಿದ್ದ ಮಳೆ ಕಲ್ಲಿನ ತೂತುಗಳಲ್ಲಿ ಇಳಿದು ಕೆಳಗಿನ ಕೇರಿಯ ಬಾವಿಗಳಿಗೆ ಹೋಗುತ್ತದೆ. ಅದೇ ದಾರಿಯಲ್ಲಿ ನಮ್ಮ ಸೆಪ್ಟಿಕ್ ಟ್ಯಾಂಕಿನ ನೀರೂ ಹೋಗುತ್ತದೆ. ಮೇಲೆ ಜೆಸಿಬಿ ತಂದು ನೆತ್ತಿಯನ್ನು ಚಪ್ಪಟೆ ಮಾಡಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದರೆ ಇಳಿಯಬೇಕಾದ ನೀರು ಒಮ್ಮೆಲೇ ಕೆಳಗೆ ಹರಿಯುತ್ತದೆ. ಬೋರ್‌ವೆಲ್ ಕೊರೆದರೆ ಮಾರ್ಚ್‌ನಲ್ಲಿ ಯಾರ ಬಾವಿ ಬತ್ತೀತು ಎಂದು ಕೇಳುವವರಿಲ್ಲ. ಇನ್ನು ಗುಡ್ಡ ಕಡಿಯುವುದರ ಅಪಾಯವನ್ನು 2024ರ ಜುಲೈ 16ರ ನಂತರ ಯಾರಿಗೂ ವಿವರಿಸಬೇಕಾಗಿಲ್ಲ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಅಂದು ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಹೆದ್ದಾರಿಯ ಕಡಿತಕ್ಕೂ ಮನೆಯ ಕಡಿತಕ್ಕೂ ಗಾತ್ರದಲ್ಲಿ ವ್ಯತ್ಯಾಸವಿದೆ. ಮಣ್ಣಿಗೆ ಆ ವ್ಯತ್ಯಾಸ ಗೊತ್ತಿಲ್ಲ. ನೀರು ಹೋಗಲು ದಾರಿ ಬಿಡದೆ ಕಡಿದು ನಿಲ್ಲಿಸಿದ ಗೋಡೆ ಎಲ್ಲಿದ್ದರೂ ಅದರ ಹಿಂದೆ ಒತ್ತಡ ಕಟ್ಟುತ್ತದೆ.

ಕಡಲಿಗೆ ಇನ್ನೂ ಹತ್ತಿರ ಹೋದರೆ ಕಾನೂನೇ ತಡೆಯುತ್ತದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಿಂದ ಇದೆ, 2011 ಮತ್ತು 2019ರಲ್ಲಿ ಬದಲಾಗಿದೆ. 2019ರದ್ದು ಜನದಟ್ಟಣೆಯ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್, ಉಳಿದ ಹಳ್ಳಿಗಾಡಿನಲ್ಲಿ 200 ಮೀಟರ್ ಕಟ್ಟಡ ನಿಷೇಧ ಎನ್ನುತ್ತದೆ. ‘ಊರಲ್ಲಿ ಮಾತಾಡಿದ್ದೇನೆ, ನಡೆಯುತ್ತದೆ’ ಎನ್ನುವ ಬಂಧುವಿನ ಮಾತು ಈ ಅಧಿಸೂಚನೆಗಿಂತ ಹೆಚ್ಚು ದಿನ ಬಾಳುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ದಂಡೆಯ ಪಕ್ಕದಿಂದ ಗುಜರಾತಿಗೆ ಹಾದುಹೋಯಿತು, ನಮ್ಮಲ್ಲಿ ದಂಡೆ ಮುಟ್ಟಲೂ ಇಲ್ಲ. ಅಷ್ಟಕ್ಕೇ ಉಳ್ಳಾಲದಿಂದ ಕಾರವಾರದವರೆಗೆ ಕಡಲ ಬದಿಯ ಮನೆಗಳಿಗೆ ಏನಾಯಿತು ಎಂಬುದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ.

ಎರಡನೆಯ ವಾದ ಹೆಚ್ಚು ಪ್ರಾಮಾಣಿಕವಾದದ್ದು: ‘ಹಳೆಯ ಮನೆಗಳನ್ನು ಹಾಡಿ ಹೊಗಳಬೇಡಿ. ಅವು ಕತ್ತಲೆ, ಹೊಗೆ, ತಗ್ಗು ಬಾಗಿಲು, ಹೆಂಗಸರಿಗೆ ಹಿಂಬದಿಯ ಅಡುಗೆಮನೆ.’ ಒಪ್ಪುತ್ತೇನೆ. ಚಾವಡಿ, ನಾಲ್ಕಂಕಣ, ತೊಟ್ಟಿಯ ಮನೆ ಎಲ್ಲರದೂ ಆಗಿರಲಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಒಕ್ಕಲಿನವರಿಗೆ ಇದ್ದದ್ದು ಮಣ್ಣಿನ ಗೋಡೆ, ಪ್ರತಿ ವರ್ಷ ಹೊದಿಸಬೇಕಾದ ಹುಲ್ಲಿನ ಮಾಡು. 1974ರ ಭೂಸುಧಾರಣೆಯ ನಂತರ ಜಮೀನು ಕೈಗೆ ಬಂದ ಕುಟುಂಬಕ್ಕೆ ತಾರಸಿ ಮನೆ ಎಂದರೆ ಬರೀ ಸ್ಲ್ಯಾಬಲ್ಲ, ಇನ್ನು ಯಾರ ಎದುರೂ ಹುಲ್ಲಿಗೆ ಕೈ ಚಾಚಬೇಕಿಲ್ಲ ಎಂಬ ಘೋಷಣೆ. ಆ ತಾರಸಿಯ ಬಗ್ಗೆ ನನ್ನದೊಂದೂ ಕುಹಕವಿಲ್ಲ. ಅವರಿಗೆ ಆಯ್ಕೆ ಇರಲಿಲ್ಲ, ಇದ್ದ ಹಣದಲ್ಲಿ ಗಟ್ಟಿಯಾದದ್ದನ್ನು ಕಟ್ಟಿದರು. ನಮಗೆ ಹಣವಿದೆ, ಓದಿದೆ, ಗೂಗಲ್ ಇದೆ, ಆಯ್ಕೆ ಇದೆ. ಆದ್ದರಿಂದ ಜವಾಬ್ದಾರಿಯೂ ನಮ್ಮದು.

ಅಷ್ಟಕ್ಕೂ ನಾನು ಹಳೆಯ ಮನೆಯ ನಕಲು ಮಾಡಿ ಎನ್ನುತ್ತಿಲ್ಲ. ರೆಸಾರ್ಟುಗಳು ಮಾಡುವಂತೆ ಕಿತ್ತು ತಂದ ಕಂಬ, ಹಿತ್ತಾಳೆ ಉರುಳಿ ಇಟ್ಟು ‘ಹೆರಿಟೇಜ್’ ಮಾಡುವುದು ಗಾಜಿನ ಡಬ್ಬಿಗಿಂತ ಒಳ್ಳೆಯದೇನಲ್ಲ. ಹಳೆಯ ಮನೆಗಳಿಂದ ತೆಗೆದುಕೊಳ್ಳಬೇಕಾದದ್ದು ಅವುಗಳ ರೂಪವಲ್ಲ, ಲೆಕ್ಕ. ಮಾಡು ಏಕೆ ಅಷ್ಟು ಕೆಳಗಿಳಿಯುತ್ತಿತ್ತು? ಪಕ್ಕದಿಂದ ಬರುವ ಮಳೆ ಗೋಡೆ ಮುಟ್ಟದಿರಲೆಂದು. ಪಶ್ಚಿಮದ ಜಗಲಿಗೆ ಮಳೆಗಾಲಕ್ಕೆ ಮುಂಚೆ ಹೆಣೆದ ಮಡಲಿನ ತಟ್ಟಿ ಏಕೆ ಕಟ್ಟುತ್ತಿದ್ದರು? ಗಾಳಿಯನ್ನು ಪೂರ್ತಿ ತಡೆಯದೆ, ಸೋಸಿ ಒಳಗೆ ಬಿಡಲೆಂದು. ಗಟ್ಟಿ ಗೋಡೆಯ ಹಿಂದೆ ಗಾಳಿ ಸುಳಿಯೆದ್ದು ಮತ್ತೆ ಬಡಿಯುತ್ತದೆ. ತೂತಿರುವ ತಡೆ ಅದರ ಬಲವನ್ನು ಮುರಿಯುತ್ತದೆ. ಹಂಚಿನ ಸಂದುಗಳು ಏಕೆ ಬೇಕಿದ್ದವು? ಗಾಳಿಯಲ್ಲಿ ತೇವ ತುಂಬಿ ತುಳುಕುವ ನಾಲ್ಕು ತಿಂಗಳು ಮನೆ ಉಸಿರಾಡಲೆಂದು. ಹನ್ನೊಂದು ತಿಂಗಳು ಬೀಗ ಹಾಕಿಟ್ಟ ಗಾಜಿನ ಮನೆಯ ಕಪಾಟು ತೆರೆದವರಿಗೆ ಇದರ ಅರ್ಥ ಗೊತ್ತು. ಬೂಸ್ಟು ಹಿಡಿದ ಹಾಸಿಗೆಯ ವಾಸನೆಗೆ ಕಡಲಿನ ನೋಟ ಪರಿಹಾರವಾಗುವುದಿಲ್ಲ.

ಮೂರನೆಯ ವಾದ: ‘ಹಂಚಿನ ಮನೆ ನೋಡಿಕೊಳ್ಳುವವರು ಯಾರು? ಮಂಗ ಹಂಚು ಒಡೆಯುತ್ತದೆ. ಹಂಚು ಕೈಯಾಡಿಸುವ ಜನ ಸಿಗುವುದಿಲ್ಲ. ಮರಕ್ಕೆ ದುಡ್ಡಿಲ್ಲ.’ ಮೂರೂ ನಿಜ. ಅದಕ್ಕೆ ಉತ್ತರ ಚಪ್ಪಟೆ ಸ್ಲ್ಯಾಬಲ್ಲ. ಇಳಿಜಾರಾಗಿಯೇ ಎರಕ ಹೊಯ್ದ ಸ್ಲ್ಯಾಬಿನ ಮೇಲೆ ಹಂಚು ಹಾಸಬಹುದು. ಮಂಗ ಎರಡು ಹಂಚು ಒಡೆದರೂ ಮನೆ ಸೋರುವುದಿಲ್ಲ. ಮರದ ಬದಲು ಸತು ಲೇಪಿಸಿದ ಉಕ್ಕಿನ ಚೌಕಟ್ಟು ಹಾಕಬಹುದು, ಲೇಪ ಸರಿಯಾಗಿದ್ದು ವರ್ಷಕ್ಕೊಮ್ಮೆ ನೋಡಿಕೊಂಡರೆ. ಇಳಿಜಾರು 30 ಡಿಗ್ರಿಯ ಆಸುಪಾಸು ಇರಲಿ. ಮಾಡು ಎರಡು ಕಡೆಯ ಬದಲು ನಾಲ್ಕೂ ಕಡೆ ಇಳಿದರೆ ಗಾಳಿಗೆ ಹಿಡಿಯಲು ಚೂಪು ಗೋಡೆ ಸಿಗುವುದಿಲ್ಲ. ಜಗಲಿಯ ಮಾಡನ್ನು ಮುಖ್ಯ ಮಾಡಿನಿಂದ ಬೇರೆಯಾಗಿಯೇ ಕಟ್ಟಬೇಕು. ಬಿರುಗಾಳಿ ಅಡಿಯಿಂದ ಎತ್ತಿದರೂ ಹೋಗುವುದು ಜಗಲಿಯದ್ದು ಮಾತ್ರ, ಮನೆಯದ್ದಲ್ಲ. ಜರ್ಮನಿಯ ಬಾಸೆಲ್ ಮಿಷನ್ನಿನವರು... ಎಂದು ಕೆಲವರು ಹಂಚನ್ನು ಪುರಾತನ ವಸ್ತು ಎಂದು ಗೇಲಿ ಮಾಡುವುದುಂಟು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಆ ಮಿಷನ್ನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಂದರೆ ‘ಮಂಗಳೂರು ಹಂಚು’ ಕೂಡ ಒಂದು ಕಾಲದ ಹೊಸ ತಂತ್ರಜ್ಞಾನವೇ. ಊರು ಅದನ್ನು ಒಪ್ಪಿಕೊಂಡದ್ದು ಅದು ಹೊರಗಿನದೆಂದಲ್ಲ, ಮಳೆಗೆ ತಡೆದದ್ದರಿಂದ. ನನ್ನ ಅಳತೆಗೋಲೂ ಅಷ್ಟೇ.

ನಾಲ್ಕನೆಯ ವಾದ ನಿಜವಾಗಿಯೂ ನನ್ನನ್ನು ತಟ್ಟುವಂಥದ್ದು: ‘ಇಡೀ ಬದುಕು ಹದಿನಾಲ್ಕನೇ ಮಹಡಿಯಲ್ಲಿ ಎದುರು ಟವರಿನ ಬಾತ್‌ರೂಮ್ ಕಿಟಕಿ ನೋಡುತ್ತಾ ಕಳೆದೆವು. ಕೊನೆಗಾಲಕ್ಕೆ ಕಡಲು ನೋಡುವ ಆಸೆ ತಪ್ಪೇ?’ ಖಂಡಿತ ತಪ್ಪಲ್ಲ. ಅದೇ ಆಸೆ ನನಗೂ ಇದೆ. ಆದರೆ ನೋಡುವುದಕ್ಕೂ ಗಾಜು ಹಾಕುವುದಕ್ಕೂ ಸಂಬಂಧವಿಲ್ಲ. ಶ್ರೀಲಂಕಾದ ಜೆಫ್ರಿ ಬಾವಾ ನಮ್ಮಂಥದ್ದೇ ಮಳೆಯ ನಾಡಿನಲ್ಲಿ ಕಟ್ಟಿದವರು. ಅವರ ಕೆಲಸದಲ್ಲಿ ಮೊದಲು ಬರುವುದು ಅಗಲವಾದ ಮಾಡು, ಅದರ ಕೆಳಗಿನ ನೆರಳು, ಆಮೇಲೆ ಆ ನೆರಳಿನಿಂದ ಕಾಣುವ ನೋಟ. ತಿರುವನಂತಪುರದಲ್ಲಿ ನೆಲೆಸಿದ್ದ ಲಾರಿ ಬೇಕರ್ ಇಟ್ಟಿಗೆಯ ಜಾಲಿಗೋಡೆಗಳಲ್ಲೇ ಬೆಳಕು ಗಾಳಿ ಎರಡನ್ನೂ ಸಂಭಾಳಿಸಿದರು. ಇಬ್ಬರೂ ಬಡತನದಿಂದ ಹಾಗೆ ಮಾಡಿದವರಲ್ಲ. ಬಾವಾ ಕಟ್ಟಿದ್ದು ಹೆಚ್ಚಾಗಿ ಸಿರಿವಂತರಿಗೆ ಮತ್ತು ಹೋಟೆಲುಗಳಿಗೆ.

ನಮ್ಮ ಜಾಗಕ್ಕೆ ನಾನು ಒಡ್ಡಿರುವ ನಕ್ಷೆ ಹೀಗಿದೆ. ಇದನ್ನೇ ಎಲ್ಲರೂ ಮಾಡಬೇಕೆಂದಿಲ್ಲ, ಆದರೆ ಇದರ ಹಿಂದಿನ ಪ್ರಶ್ನೆಗಳನ್ನು ಎಲ್ಲರೂ ಕೇಳಬಹುದು. ಮನೆ ನೆತ್ತಿಯ ಮೇಲಿಲ್ಲ, ನೆತ್ತಿಯಿಂದ ಒಂದಿಷ್ಟು ಕೆಳಗೆ, ಇರುವ ಮೆಟ್ಟಿಲು ಪಾತಳಿಯಲ್ಲೇ. ಗುಡ್ಡ ಕಡಿಯುವುದು ಕನಿಷ್ಠ. ಮನೆಯ ಕಿರಿದಾದ ಬದಿ ಪಶ್ಚಿಮಕ್ಕೆ, ಉದ್ದದ ಬದಿಗಳು ಉತ್ತರ ದಕ್ಷಿಣಕ್ಕೆ. ಪಶ್ಚಿಮದ ತುದಿಯಲ್ಲಿ ಎಂಟು ಅಡಿ ಅಗಲದ ಜಗಲಿ, ತಗ್ಗಿದ ಮಾಡು. ಅಲ್ಲಿ ಕೂತರೆ ಇಡೀ ಕಡಲು, ಮಳೆಗಾಲಕ್ಕೆ ಅದಕ್ಕೆ ಕಟ್ಟುವ ಬಿದಿರು ತಟ್ಟಿ. ಜಗಲಿಯಿಂದ ಒಳಗೆ ಬಾಗಿಲು ಮತ್ತು ಎರಡೇ ಕಿಟಕಿ. ಒಳಗೆ ತೆರೆದುಕೊಳ್ಳುವ ಗಾಜು, ಹೊರಗೆ ಮುಚ್ಚುವ ಗಟ್ಟಿ ಹಲಗೆಯ ಕದ, ಸ್ಲೈಡಿಂಗ್ ಇಲ್ಲ. ಮುಖ್ಯ ಅಂಗಳ ಪೂರ್ವಕ್ಕೆ, ಗಾಳಿಯ ಮರೆಯಲ್ಲಿ. ಜುಲೈನಲ್ಲಿ ಬದುಕು ನಡೆಯುವುದು ಅಲ್ಲಿ. ಅದಕ್ಕೆ ತಾಗಿ ಮಾಡಿನ ಕೆಳಗೆ ಬಟ್ಟೆ ಒಣಗಿಸಲು ಹತ್ತಡಿ ಉದ್ದದ ಜಾಗ. ಅಮ್ಮನ ಕೋಣೆ ನೆಲಮಟ್ಟದಲ್ಲಿ, ಅಡುಗೆಮನೆಯಿಂದ ಒಂದು ಕೂಗಿನ ದೂರ. ಅಡುಗೆಮನೆಗೆ ಅಂಗಳದ ಬೆಳಕು. ಕತ್ತಲೆಯ ಅಡುಗೆಮನೆಯನ್ನು ಪರಂಪರೆಯ ಹೆಸರಲ್ಲಿ ಮತ್ತೆ ಕಟ್ಟುವುದಿಲ್ಲ.

ಮನೆಗೆ ಮುಂಚೆ ಗಿಡ. ಪಶ್ಚಿಮ ಮತ್ತು ನೈಋತ್ಯದ ಅಂಚಿಗೆ ಸುರಹೊನ್ನೆ, ಗೇರು, ಕೇದಗೆ. ಉಪ್ಪುಗಾಳಿಗೆ ಬಗ್ಗದವು. ಸಾಲು ಮರದ ಎತ್ತರದ ಹತ್ತು ಪಟ್ಟಿನಷ್ಟು ದೂರದವರೆಗೆ ಗಾಳಿಯ ವೇಗ ತಗ್ಗುತ್ತದೆ. ನಡುವೆ ಒಂದು ಕಿಂಡಿ ಬಿಟ್ಟರೆ ಅದರಲ್ಲಿ ಕಾಣುವ ಕಡಲು ಬಯಲಿನಲ್ಲಿ ಕಾಣುವುದಕ್ಕಿಂತ ಚೆಂದ. ಗಿಡ ನೆಟ್ಟು ಎರಡು ಮೂರು ಮಳೆಗಾಲ ಕಾಯಬೇಕು ಎಂದಾಗ ಅಣ್ಣನಿಗೆ ಸಿಟ್ಟು ಬಂದದ್ದು. ಗೃಹಪ್ರವೇಶಕ್ಕೆ ಮುಹೂರ್ತ ನೋಡಿಯಾಗಿದೆಯಂತೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನಾನು ಜೀವಮಾನವಿಡೀ ಕೇಳಿದ ಮಾತು ಇದು: ಡೇಟ್ ಕಮಿಟ್ ಆಗಿದೆ, ಸ್ಕೋಪ್ ಆಮೇಲೆ ನೋಡೋಣ. ಆಫೀಸಿನಲ್ಲಿ ಅದಕ್ಕೆ ತಲೆಯಾಡಿಸಿದ್ದೇನೆ, ಸಂಬಳ ಕೊಡುವವರ ಮಾತು. ಅಮ್ಮ ಮಲಗುವ ಕೋಣೆಯ ವಿಷಯದಲ್ಲಿ ತಲೆಯಾಡಿಸುವ ಅಗತ್ಯ ನನಗೆ ಕಾಣುತ್ತಿಲ್ಲ.

ಇಷ್ಟೆಲ್ಲ ಹೇಳಲು ಕಾರಣ ನಮ್ಮೊಬ್ಬರ ಮನೆಯಲ್ಲ. ನಾವು ಊರಿಗೆ ಹಣ ಮಾತ್ರ ಕಳಿಸುತ್ತಿಲ್ಲ, ಮಾದರಿಯನ್ನೂ ಕಳಿಸುತ್ತಿದ್ದೇವೆ. ನಮ್ಮ ಗಾಜಿನ ಡಬ್ಬಿಯನ್ನು ನೋಡಿ ಕೆಳಗಿನ ಕೇರಿಯ ಹುಡುಗ ಸಾಲ ಮಾಡಿ ಅಂಥದ್ದೇ ಒಂದನ್ನು ಸಣ್ಣದಾಗಿ ಕಟ್ಟುತ್ತಾನೆ. ಸೋರಿದರೆ ನಾವು ತಗಡು ಹಾಕಿಸುತ್ತೇವೆ, ಅವನು ಬಕೆಟ್ ಇಡುತ್ತಾನೆ. ನಮ್ಮ ಮನೆಯಲ್ಲಿ ವರ್ಷಪೂರ್ತಿ ನಿಜವಾಗಿ ಇರುವವರೂ ನಾವಲ್ಲ. ಒಬ್ಬಳು ವಯಸ್ಸಾದ ತಾಯಿ, ಇಲ್ಲವೇ ಮನೆ ನೋಡಿಕೊಳ್ಳುವ ಒಂದು ಕುಟುಂಬ. ಜುಲೈ ರಾತ್ರಿ ಕರೆಂಟ್ ಹೋಗಿ, ಗಾಜು ಗಡಗಡ ನಡುಗುವಾಗ, ಹಳಿಯಿಂದ ಉಕ್ಕುವ ನೀರಿಗೆ ಹಳೆಯ ಸೀರೆ ತುರುಕುತ್ತಾ ನೆಲ ಒರೆಸುವವರು ಅವರು. ನಕ್ಷೆಯ ಸಭೆಯಲ್ಲಿ ಅವರಿಗೆ ಕುರ್ಚಿ ಇರುವುದಿಲ್ಲ.

ಆದ್ದರಿಂದ ಊರಲ್ಲಿ ಮನೆಗೆ ಹೊರಟಿರುವ ಓದುಗರಿಗೆ ನನ್ನ ಒತ್ತಾಯ ಇಷ್ಟು. ಅಡ್ವಾನ್ಸ್ ಕೊಡುವ ಮುನ್ನ ಜುಲೈನಲ್ಲಿ ಮೂರು ದಿನ ರಜೆ ಹಾಕಿ. ಆರ್ಕಿಟೆಕ್ಟನ್ನೂ ಕರೆದುಕೊಂಡು ಹೋಗಿ, ಒಪ್ಪದಿದ್ದರೆ ಬೇರೆಯವರನ್ನು ನೋಡಿ. ಸೈಟಿನ ಮೇಲೆ ಕೊಡೆ ಬಿಚ್ಚಿ ನಿಲ್ಲಿ, ಅದು ಯಾವ ಕಡೆ ಮಗುಚುತ್ತದೆ ಎಂದು ಗುರುತು ಹಾಕಿಕೊಳ್ಳಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಕೆಳಗೆ ಯಾರ ಬಾವಿ ಇದೆ ಎಂದು ನಡೆದು ನೋಡಿ. ಆ ಮನೆಯಲ್ಲಿ ಮಳೆಗಾಲ ಕಳೆಯಲಿರುವವರು ಯಾರೋ ಅವರನ್ನು ಕೂರಿಸಿಕೊಂಡು, ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂಬಲ್ಲಿಂದ ಪ್ರಶ್ನೆ ಶುರು ಮಾಡಿ. ಕಾಂಕ್ರೀಟಿನ ದರ್ಜೆ ಮತ್ತು ಹೊದಿಕೆಯ ದಪ್ಪವನ್ನು ಕರಾರಿನಲ್ಲಿ ಬರೆಸಿ. ಇಷ್ಟಾದ ಮೇಲೂ ಕಡಲಿನ ಕಡೆ ಗಾಜಿನ ಗೋಡೆಯೇ ಬೇಕೆನಿಸಿದರೆ ಹಾಕಿಸಿ, ಮೊದಲ ಮಳೆಗಾಲ ಪೂರ್ತಿ ನೀವೇ ಅಲ್ಲಿದ್ದು ನೆಲ ಒರೆಸುವುದಾದರೆ.